ಆಟಿಯಲ್ಲಿ ಬಂದ ಅಳಿಯ, ಹದಿನಾಲ್ಕು ಬಿಳಿ ಮಾತ್ರೆ

"ಅತ್ತೆ, ನಿಮ್ಮತ್ರ ಒಂದು ವಿಷಯ ಹೇಳ್ಲಿಕ್ಕುಂಟು. ಆದ್ರೆ ಪೇಪರಿನಲ್ಲಿ ಬರೀಬಾರ್ದು."

ಹೀಗೆ ಶುರುವಾಗುವ ಮಾತು ಕೇಳಿದರೆ ಅಂಕಣ ಬರೆಯುವವರ ಕಿವಿ ನೆಟ್ಟಗಾಗುತ್ತದೆ. ಸುಳ್ಳು ಯಾಕೆ ಹೇಳಲಿ, ನನ್ನದೂ ಆಯಿತು. (ಮತ್ತೆ ಈಗ ಬರೆಯುತ್ತಿದ್ದೀರಲ್ಲ ಎಂದು ಹುಬ್ಬೇರಿಸಬೇಡಿ. ಆಮೇಲೆ ಅನುಮತಿ ಸಿಕ್ಕಿದೆ, ಎರಡು ಷರತ್ತಿನ ಮೇಲೆ. ಹೆಸರುಗಳನ್ನು ಬದಲಾಯಿಸಬೇಕು, ಅವಳು ಅತ್ತದ್ದನ್ನು ಬರೆಯಬಾರದು. ಹೆಸರುಗಳನ್ನು ಬದಲಾಯಿಸಿದ್ದೇನೆ.)

ಹರ್ಷಿತಾ ನನ್ನ ತಮ್ಮನ ಮಗಳು. ತವರು ಸುಳ್ಯದ ಕಡೆ. ಈ ಬೇಸಗೆಯಲ್ಲಿ ಮದುವೆಯಾಗಿ ಆಲಂಕಾರಿಗೆ ಹೋದಳು. ಗಂಡ ಲೋಹಿತ ಕಡಬದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ, ಮಾತು ಕಡಿಮೆ, ನಗು ಜಾಸ್ತಿ. ಮೊನ್ನೆ ಶುಕ್ರವಾರ ಮಧ್ಯಾಹ್ನ ಹುಡುಗಿ ಫೋನೂ ಮಾಡದೆ ಕಬಕದ ನಮ್ಮ ಮನೆಗೆ ಬಂದಿಳಿದಳು. ಮುಖ ಸಪ್ಪೆ. ಊಟ ಬೇಡ ಎಂದಳು. ನಾನು ಮಾಡಿದ ಬಂಗುಡೆ ಪುಳಿಮುಂಚಿ ಬೇಡ ಎನ್ನುವ ಹುಡುಗಿ ಅವಳಲ್ಲ.

(ನಾವು ಮಾತಾಡಿದ್ದು ಅರೆಭಾಷೆಯಲ್ಲಿ. ನಿಮಗಾಗಿ ಕನ್ನಡಕ್ಕೆ ಇಳಿಸಿದ್ದೇನೆ.)

"ಅತ್ತೆ, ನಂಗೆ ಪಿರಿಯಡ್ಸ್ ಬರ್ಲಿಲ್ಲ."

ಮಾತು ಮುಗಿಯುವ ಮೊದಲೇ ನಮ್ಮ ಯಜಮಾನರು ಪೇಪರು ಎತ್ತಿಕೊಂಡು ಜಗಲಿಗೆ ಹೋದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಈ ಮನುಷ್ಯ ಇಷ್ಟು ವೇಗವಾಗಿ ಎದ್ದದ್ದನ್ನು ನಾನು ಕಂಡಿಲ್ಲ.

ಹೊಸ ಮದುಮಗಳು, ಮುಟ್ಟು ನಿಂತರೆ ಮನೆಯವರು ಪಾಯಸ ಮಾಡುತ್ತಾರೆ ಅಲ್ಲವೇ? ಇವಳೇಕೆ ಅಳುತ್ತಾಳೆ? (ಕ್ಷಮಿಸು ಹರ್ಷಿತಾ, ಬಾಯಿ ತಪ್ಪಿತು.) ಕಾರಣ ಉಂಟು. ಅವಳಿಗೆ ಮುಂದಿನ ತಿಂಗಳು ದೈಹಿಕ ಪರೀಕ್ಷೆ ಇದೆ. ಫಾರೆಸ್ಟ್ ಗಾರ್ಡ್ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಅಂಕದ ಪಟ್ಟಿಯಲ್ಲಿ ಹೆಸರು ಬಂದಿದೆ. ಇನ್ನು ಓಡಬೇಕು, ಉದ್ದ ಜಿಗಿಯಬೇಕು, ಗುಂಡು ಎಸೆಯಬೇಕು. ಹೈಸ್ಕೂಲಿನಲ್ಲಿರುವಾಗ ಒಮ್ಮೆ ಗುಂಡ್ಯದಲ್ಲಿ ಬಸ್ಸು ನಿಂತಿತ್ತಂತೆ. ಖಾಕಿ ಹಾಕಿದ ಹೆಂಗಸೊಬ್ಬಳು ಅಷ್ಟು ದೊಡ್ಡ ಮರದ ಲಾರಿಯನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ, ಚೀಟಿ ಕೇಳಿ, ಡ್ರೈವರನನ್ನು ಕೆಳಗಿಳಿಸಿದ್ದನ್ನು ಕಿಟಕಿಯಿಂದ ನೋಡಿದ್ದಾಳೆ. ಅವತ್ತಿನಿಂದ ಒಂದೇ ಹಟ.

ಗಂಡನ ಮನೆಯಲ್ಲಿ ಈ ಹಟಕ್ಕೆ ಅಡ್ಡಿ ಇಲ್ಲ. ಗುಂಡು ಎಸೆತದ ಅಭ್ಯಾಸಕ್ಕೆ ಲೋಹಿತ ಹಳೆ ಮೋಟರಿನ ಕಬ್ಬಿಣವನ್ನೇ ಸರಿಯಾಗಿ ತೂಗಿಸಿ ತಂದುಕೊಟ್ಟಿದ್ದಾನೆ. ಅವಳ ಅತ್ತೆ ಬೆಳಿಗ್ಗೆ ಆರಕ್ಕೆ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ರಸ್ತೆಯ ಬದಿಯಲ್ಲಿ ನಿಲ್ಲುತ್ತಾರೆ. ಮೊಬೈಲು ಸೆಕೆಂಡು ಎಣಿಸಲಿಕ್ಕೆ. (ಹರ್ಷಿತಾಳಿಗೆ ನಾನೂ ಅತ್ತೆ, ಅವರೂ ಅತ್ತೆ. ನಿಮಗೆ ಗೊಂದಲ ಬೇಡ. ಅವರನ್ನು ನಾನು ಕರೆಯುವ ಹಾಗೆ ಪುಷ್ಪಕ್ಕ ಎನ್ನುತ್ತೇನೆ.)

"ಮಾತ್ರೆ ತೆಗೊಳ್ತಾ ಇದ್ದೆ ಅಲ್ವಾ ನೀನು?" ಎಂದೆ.

"ತೆಗೊಳ್ತಾ ಇದ್ದೆ ಅತ್ತೆ. ಆಟಿ ಬಂತಲ್ಲ, ಅಲ್ಲಿ ಎಲ್ಲ ಹಾಳಾಯ್ತು."

ಆಟಿ! ಕುಟುಂಬ ಯೋಜನೆಯ ಮಾತ್ರೆಗೂ ಆಟಿಗೂ ಏನು ಸಂಬಂಧ? ಸ್ವಲ್ಪ ತಾಳಿ.

ಮದುವೆಗೆ ಮುಂಚೆಯೇ ಹುಡುಗ ಹುಡುಗಿ ಇಬ್ಬರೂ ಪುತ್ತೂರಿನಲ್ಲಿ ಒಬ್ಬರು ಲೇಡಿ ಡಾಕ್ಟರರನ್ನು ಕಂಡಿದ್ದರು. ನನ್ನ ಕಾಲದಲ್ಲಿ ಊಹಿಸಲಿಕ್ಕೂ ಆಗದ ಕೆಲಸ. ಲೋಹಿತ ಇಡೀ ಹೊತ್ತು ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದನಂತೆ, ಆದರೆ ಎದ್ದು ಹೋಗಲಿಲ್ಲ. ಡಾಕ್ಟರು ಬಿ.ಪಿ. ನೋಡಿದರು. ಕಣ್ಣ ಮುಂದೆ ಮಿಂಚು ಬಂದು ತಲೆನೋವು ಶುರುವಾಗುವುದುಂಟೇ, ಮನೆಯಲ್ಲಿ ಯಾರಿಗಾದರೂ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದ್ದುಂಟೇ, ಬೇರೆ ಯಾವುದಾದರೂ ಮಾತ್ರೆ ನಡೆಯುತ್ತಿದೆಯೇ ಎಂದೆಲ್ಲ ಕೇಳಿದರು. ಏನೂ ಇಲ್ಲವೆಂದ ಮೇಲೆ ಬರೆದುಕೊಟ್ಟರು. ಒಂದು ಸ್ಟ್ರಿಪ್ಪಿನಲ್ಲಿ ಇಪ್ಪತ್ತೆಂಟು. ಇಪ್ಪತ್ತೊಂದು ಬಿಳಿ, ಏಳು ಕಂದು. ಬಿಳಿಯದರಲ್ಲಿ ಔಷಧಿ, ಕಂದಿನಲ್ಲಿ ಬರೀ ಕಬ್ಬಿಣ. ಕಂದು ನುಂಗುವ ವಾರ ಮುಟ್ಟು ಬರುತ್ತದೆ. ಮುಟ್ಟಿನ ಮೊದಲ ದಿನ ಶುರು ಮಾಡು, ದಿನಕ್ಕೊಂದು, ಒಂದೇ ಹೊತ್ತಿಗೆ, ಮುಗಿದ ಮಾರನೇ ದಿನ ಹೊಸ ಸ್ಟ್ರಿಪ್ಪು. ಅಷ್ಟೆ.

ಎರಡು ಸ್ಟ್ರಿಪ್ಪು ಹುಡುಗಿ ಚಾಚೂ ತಪ್ಪದೆ ನುಂಗಿದಳು. ಮೂರನೆಯದರಲ್ಲಿ ಏಳು ಮಾತ್ರೆ ಮುಗಿದಾಗ ಆಟಿ ತಿಂಗಳು, ಬೇರೆ ಕಡೆಯ ಆಷಾಢದಂಥ ನಮ್ಮ ಜಡಿಮಳೆಯ ತಿಂಗಳು, ಬಂತು. ಹೊಸ ಮದುಮಗಳು ಆಟಿಗೆ ತವರಿಗೆ ಹೋಗಬೇಕು, ಅದು ನಮ್ಮ ಕಡೆಯ ಕ್ರಮ. ಗಂಡ ಅಲ್ಲಿ, ಹೆಂಡತಿ ಇಲ್ಲಿ, ತಿಂಗಳು ಮುಗಿಯುವವರೆಗೆ ಒಬ್ಬರ ಮುಖ ಒಬ್ಬರು ನೋಡುವ ಹಾಗಿಲ್ಲ. ಯಾಕೆ ಎಂದು ಕೇಳಿದರೆ ಹತ್ತು ಹಿರಿಯರು ಹತ್ತು ಕಾರಣ ಹೇಳುತ್ತಾರೆ. ನನಗಂತೂ ಇಷ್ಟದ ಕ್ರಮ. ಮದುವೆಯಾದ ವರ್ಷ ನಾನು ಆಟಿಯಲ್ಲಿ ತವರಿಗೆ ಹೋಗಿ ಒಂಬತ್ತು ಗಂಟೆಗೆ ಏಳುತ್ತಿದ್ದೆ. ಆಮೇಲೆ ಆ ಭಾಗ್ಯ ಬರಲಿಲ್ಲ.

"ಮಾತ್ರೆ ಅಲ್ಲೇ ಕಪಾಟಿನಲ್ಲಿ ಬಿಟ್ಟು ಹೋದೆ ಅತ್ತೆ. ಒಂದು ತಿಂಗಳು ಅವ್ರೇ ಇಲ್ಲ. ಮತ್ತೆ ಮಾತ್ರೆ ಎಂತಕ್ಕೆ? ಅಮ್ಮ ನೋಡಿದ್ರೆ ನೂರು ಪ್ರಶ್ನೆ ಬೇರೆ."

ಲೆಕ್ಕ ಸರಿಯೇ ಇತ್ತು. ನಿಲ್ಲಿಸಿದ ಮೂರನೇ ದಿನ ಮುಟ್ಟಾಯಿತು, ಮುಗಿಯಿತು. ಹುಡುಗಿ ಪತ್ರೊಡೆ ತಿಂದುಕೊಂಡು, ಸಂಜೆ ಶಾಲೆಯ ಮೈದಾನದಲ್ಲಿ ಓಡಿಕೊಂಡು ಹಾಯಾಗಿದ್ದಳು. ಹದಿನಾರನೇ ದಿನ ಬಾಗಿಲಲ್ಲಿ ಲೋಹಿತ! ಒದ್ದೆ ರೈನ್‌ಕೋಟು, ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು, ಎಂದಿನ ನಗು.

ಆಟಿಯಲ್ಲಿ ಅಳಿಯ ಬರುವ ಕ್ರಮ ಇಲ್ಲ. ಆದರೆ ಬಂದ ಅಳಿಯನನ್ನು ಹೋಗು ಎನ್ನುವ ಕ್ರಮವೂ ಇಲ್ಲವಲ್ಲ. ಹಪ್ಪಳ ಕೊಟ್ಟು ಚಾ ಕುಡಿದು ಹೊರಡುವುದೆಂದೇ ಮಾತು. ಚಾ ಕುಡಿದು ಮುಗಿಯುವಾಗ ದಾರಿಯ ಮುಳುಗು ಸೇತುವೆಯ ಮೇಲೆ ನೀರು ಬಂದಿದೆ ಎಂಬ ಸುದ್ದಿ ಬಂತು. ಶುಕ್ರವಾರ ಬಂದವನು ಹೊಳೆಯ ನೀರು ಇಳಿದ ಮೇಲೆ ಹೊರಟದ್ದು ಭಾನುವಾರ. ನನ್ನ ತಮ್ಮ ದಿನಕ್ಕೆ ನಾಲ್ಕು ಸಲ ಹೋಗಿ ಹೊಳೆ ನೋಡಿ ಬಂದು, "ಇಲ್ಲ, ಇನ್ನೂ ಇಳೀಲಿಲ್ಲ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದನಂತೆ. ಕ್ರಮ ತಪ್ಪಿದ್ದು ತಾವಲ್ಲ, ಹೊಳೆ ಎಂದು ದಾಖಲಾಗಬೇಕಲ್ಲ.

"ಹಪ್ಪಳದ ಕಟ್ಟಿನೊಳಗೆ ನನ್ನ ಮಾತ್ರೆಯೂ ಇತ್ತು ಅತ್ತೆ. ಪೇಪರಿನಲ್ಲಿ ಸುತ್ತಿ. ಅವ್ರೇ ನೆನಪಿಟ್ಟು ತಂದದ್ದು ಪಾಪ. ನಂಗೆ ನಾಚಿಕೆ ಆಗಿ ಕೇಳ್ಲಿಲ್ಲ. ಅವತ್ತು ಊಟ ಆದ ಕೂಡ್ಲೇ ಒಂದು ನುಂಗಿದೆ. ಇನ್ನು ಧೈರ್ಯ ಹೇಳಿ ಗ್ರಹಿಸಿದೆ."

"ಯಾವುದು ನುಂಗಿದೆ?"

"ಎಂಟನೇದು. ಏಳು ಮುಗಿದಿತ್ತಲ್ಲ?"

ನೋಡಿ, ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದ! ಟಿ.ವಿ. ಧಾರಾವಾಹಿಯನ್ನು ಹದಿನಾರು ದಿನ ಬಿಟ್ಟು ಮತ್ತೆ ಹಾಕಿದರೂ ಕತೆ ತಿಳಿಯುತ್ತದೆ. ಮಾತ್ರೆ ಹಾಗಲ್ಲ ಎಂದು ನನಗೆ ಅಸ್ಪಷ್ಟವಾಗಿ ಗೊತ್ತಿತ್ತು. ಪೂರ್ತಿ ಗೊತ್ತಿರಲಿಲ್ಲ. ಎಂಟನೆಯದೂ ಸೇರಿ ಉಳಿದಿದ್ದ ಹದಿನಾಲ್ಕು ಬಿಳಿ ಮುಗಿಸಿದಳು. ಅಷ್ಟರಲ್ಲಿ ಆಟಿ ಮುಗಿಯುತ್ತ ಬಂದು ಗಂಡನ ಮನೆಗೆ ವಾಪಸು ಹೋದಳು. ಕಂದು ಮಾತ್ರೆಯ ವಾರ ಬಂತು. ಮೂರು ನುಂಗಿದಳು, ನಾಲ್ಕು ನುಂಗಿದಳು, ಏಳೂ ನುಂಗಿದಳು. ಮುಟ್ಟು ಬರಲಿಲ್ಲ. ನಾಲ್ಕು ದಿನದಿಂದ ಓಡುವುದನ್ನೂ ನಿಲ್ಲಿಸಿದ್ದಾಳೆ. ಹೊಟ್ಟೆಯಲ್ಲಿ ಏನಾದರೂ ಇದ್ದರೆ? ಓಡಿದರೆ ಅದಕ್ಕೆ ತೊಂದರೆ. ಓಡದಿದ್ದರೆ ಪರೀಕ್ಷೆಗೆ ತೊಂದರೆ.

"ಮನೆಯಲ್ಲಿ ಎಂತ ಹೇಳಿ ಬಂದೆ?"

"ನಿಮ್ಗೆ ಹುಷಾರಿಲ್ಲ ಹೇಳಿ."

ಒಳ್ಳೆಯದಾಯಿತು. ಇಂಥ ದಿನಕ್ಕಾದರೂ ಆಗದಿದ್ದರೆ ನಾನು ಅವಳ ಅತ್ತೆಯಾಗಿ ಏನು ಪ್ರಯೋಜನ?

ಹೊಸ ಸ್ಟ್ರಿಪ್ಪು ಅವತ್ತೇ ಶುರು ಮಾಡಬೇಕಿತ್ತು. ಮಾಡಲೋ ಬೇಡವೋ ಎಂದು ಕೇಳಿದಳು. ಮೊಬೈಲಿನಲ್ಲಿ ಹುಡುಕಿದೆವು. ಒಬ್ಬ ಹೀಗೆ ಎನ್ನುತ್ತಾನೆ, ಇನ್ನೊಬ್ಬ ಹಾಗೆ. ಒಬ್ಬಳಂತೂ ಪಪ್ಪಾಯಿಯ ಹತ್ತಿರ ಹೋಗಿಬಿಟ್ಟಳು. ಮೊಬೈಲು ಆಚೆಗಿಟ್ಟು, ನಾಳೆ ಡಾಕ್ಟರರನ್ನೇ ಕೇಳುವ ಎಂದೆ.

ಈ ಮಾತ್ರೆಯ ಬಗ್ಗೆ ನನಗೂ ಒಂದು ಹಳೆಯ ಮುಜುಗರ ಇದೆ. ಮೊದಲ ಮಗುವಿಗೆ ಮೂರು ವರ್ಷ ತುಂಬಿದ ಮೇಲೆ ನಾನೂ ತೆಗೆದುಕೊಂಡವಳೇ. ಪುತ್ತೂರಿನ ಮೆಡಿಕಲಿನವರೆಲ್ಲ ಗುರುತಿನವರು. ಕೇಳುವುದು ಹೇಗೆ? ಬಸ್ಸು ಹತ್ತಿ ವಿಟ್ಲಕ್ಕೆ ಹೋದೆ, ಅಲ್ಲಿ ನನ್ನನ್ನು ಯಾರು ಬಲ್ಲರು ಎಂದು. ಮೆಡಿಕಲಿನ ಕಟ್ಟೆಯಲ್ಲಿ ನಿಂತು ಬಾಯಿ ತೆಗೆಯುವಷ್ಟರಲ್ಲಿ ಹಿಂದಿನಿಂದ ನಮ್ಮ ಮೈದುನ: "ಅತ್ತಿಗೆ, ನೀವೆಂತ ಇಲ್ಲಿ?" ತಲೆನೋವಿನ ಮುಲಾಮು ತೆಗೆದುಕೊಂಡು ವಾಪಸು ಬಂದೆ. ಆಮೇಲೆ ಯಜಮಾನರೇ ತಂದುಕೊಟ್ಟರು, ಆ ಮಾತು ಬೇರೆ. ಮೂವತ್ತೇಳಕ್ಕೆ ನನ್ನ ಬಿ.ಪಿ. ಏರಿತು. ಅವತ್ತೇ ಡಾಕ್ಟರು ಅದನ್ನು ನಿಲ್ಲಿಸಿ ಕಾಪರ್-ಟಿ ಹಾಕಿದರು. ಅಷ್ಟು ವರ್ಷ ನುಂಗಿದರೂ ವರ್ಷಕ್ಕೊಮ್ಮೆ ಬಿ.ಪಿ. ನೋಡಿಸಬೇಕೆಂದು ನನಗೆ ತಿಳಿದಿರಲಿಲ್ಲ. ಹೇಳಬೇಕಾದರೆ ಮೊದಲು ನಾನು ಯಾರನ್ನಾದರೂ ಕೇಳಬೇಕಿತ್ತಲ್ಲ?

ಶನಿವಾರ ಬೆಳಿಗ್ಗೆ ಕ್ಲಿನಿಕ್ಕು. ಪುತ್ತೂರಿನಲ್ಲಿ ಲೇಡಿ ಡಾಕ್ಟರರ ಬೆಂಚಿನಲ್ಲಿ ಹತ್ತು ನಿಮಿಷ ಕೂತು ಗುರುತಿನವರು ಸಿಗಲಿಲ್ಲವೆಂದರೆ ನೀವು ಪುತ್ತೂರಿನವರೇ ಅಲ್ಲ. ನಮಗೆ ಐದೇ ನಿಮಿಷಕ್ಕೆ ಸಿಕ್ಕಿದರು, ದೂರದ ನೆಂಟರೊಬ್ಬರು. ಹರ್ಷಿತಾಳ ಮುಖ ನೋಡಿದರು, ಹೊಟ್ಟೆ ನೋಡಿದರು, ಮುಖ ಅರಳಿಸಿ ಕೇಳಿದರು. "ವಿಶೇಷ ಉಂಟಾ?"

"ಉಂಟು," ಎಂದೆ ನಾನು, "ನಂಗೆ."

ನನಗೆ ಐವತ್ತೊಂಬತ್ತು. ಅವರು ತಮ್ಮ ಕೈಯ ಚೀಟಿಯನ್ನು ಬಹಳ ಗಮನವಿಟ್ಟು ಓದಲು ಶುರು ಮಾಡಿದರು.

ಒಳಗೆ ಡಾಕ್ಟರು ಕತೆಯೆಲ್ಲ ಕೇಳಿದರು. ಹೊಳೆಯ ಭಾಗ ಬಂದಾಗ ಪೆನ್ನು ಕೆಳಗಿಟ್ಟು ಕನ್ನಡಕ ತೆಗೆದು ಒರೆಸಿಕೊಂಡರು. ನಗು ತಡೆಯಲಿಕ್ಕೆ ಎಂದು ನನ್ನ ಅನುಮಾನ. ಮೊದಲು ಮೂತ್ರ ಪರೀಕ್ಷೆ ಎಂದರು. ಅದು ಬರುವವರೆಗಿನ ಹತ್ತು ನಿಮಿಷ ಇದೆಯಲ್ಲ, ಹರ್ಷಿತಾ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ, ಹಗ್ಗ ಮಾಡಿಬಿಟ್ಟಳು. ಮೂರು ವರ್ಷದ ಹುಡುಗಿಯಾಗಿದ್ದಾಗ ಇಂಜೆಕ್ಷನ್ ಕೊಡುವಲ್ಲಿಯೂ ಹೀಗೇ ಮಾಡಿದ್ದಳು. ನನಗೆ ಅವಳ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಅಲ್ಲೇ ಎತ್ತಿ ಸೊಂಟದಲ್ಲಿ ಕೂರಿಸಿಕೊಳ್ಳುವ ಎನಿಸಿತು.

ಒಂದೇ ಗೆರೆ. ಇಲ್ಲ. ಏನೂ ಇಲ್ಲ.

"ಮೂರು ವಾರ ಕಳೀತು. ಹಾಗಾಗಿ ಈ ಟೆಸ್ಟನ್ನು ನಂಬಬಹುದು," ಎಂದರು ಡಾಕ್ಟರು. "ಮಧ್ಯ ನಿಲ್ಸಿದಾಗ ಒಮ್ಮೆ ಆಯ್ತಲ್ಲ? ಮತ್ತೆ ಬಿಳಿ ಮಾತ್ರೆ ತೆಗೊಂಡದ್ದು ಹದಿನಾಲ್ಕೇ ದಿನ. ಹೊರಗೆ ಬರ್ಲಿಕ್ಕೆ ಒಳಗೆ ಹೆಚ್ಚೆಂತ ಇರುದಿಲ್ಲ. ಒಂದು ವಾರ ಬಿಟ್ಟು ಸಮಾಧಾನಕ್ಕೆ ಇನ್ನೊಮ್ಮೆ ನೋಡುವ. ಆದ್ರೆ ಮಾರಾಯ್ತಿ, ನಿನ್ನ ಬುದ್ಧಿಯಿಂದ ತಪ್ಪಿದ್ದಲ್ಲ ಇದು. ಅದೃಷ್ಟ."

ಹರ್ಷಿತಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. (ಇಲ್ಲಿ ನಾನು ಷರತ್ತು ಮುರಿದಿದ್ದೇನೆಂದು ನನಗೆ ಗೊತ್ತಿದೆ.)

ಆಮೇಲೆ ಡಾಕ್ಟರು ಹೇಳಿದ್ದನ್ನು ಎಷ್ಟು ನೆನಪಿದೆಯೋ ಅಷ್ಟು ಬರೆಯುತ್ತೇನೆ. ನಿಮ್ಮ ಮನೆಯಲ್ಲೂ ಹರ್ಷಿತಾ ಇದ್ದಾಳು.

"ಈ ಮಾತ್ರೆಗೆ ನಿನ್ನ ಗಂಡ ಎಲ್ಲಿದ್ದಾನೆ ಹೇಳಿ ಗೊತ್ತಿಲ್ಲ. ಅವ ಮನೆಯಲ್ಲಿರಲಿ, ಸುಳ್ಯದಲ್ಲಿರಲಿ, ಸೌದಿಯಲ್ಲಿರಲಿ, ದಿನಕ್ಕೊಂದು. ಗಲ್ಫಿಂದ ಗಂಡ ವಿಮಾನ ಇಳಿಯುವ ದಿನ ಶುರು ಮಾಡುವವರು ನಿನ್ಗೆ ಎಷ್ಟು ಜನ ಬೇಕು? ಅವತ್ತು ಶುರು ಮಾಡಿದ್ರೆ ಅವತ್ತೇ ಕೆಲಸ ಮಾಡುದಿಲ್ಲ ಅದು. ಸರಿಯಾಗಿ ಹಿಡೀಲಿಕ್ಕೆ ಏಳು ದಿನ ಬೇಕು. ಅಷ್ಟು ದಿನ ಕಾಂಡೋಮ್ ಉಪಯೋಗಿಸ್ಬೇಕು."

"ನಾನು ಮುಟ್ಟಿನ ದಿನ ಶುರು ಮಾಡಿದ್ದು ಮೇಡಂ."

"ಮೇ ತಿಂಗಳಲ್ಲಿ ಮಾಡಿದ್ದು ಸರಿ. ಮುಟ್ಟಿನ ಮೊದಲ ಐದು ದಿನದೊಳಗೆ ಶುರು ಮಾಡಿದ್ರೆ ಕೂಡ್ಲೇ ಹಿಡೀತದೆ. ಆಟಿಯಲ್ಲಿ ಮಾಡಿದ್ದು? ಹದಿನಾರು ದಿನ ಬಿಟ್ಟ ಮೇಲೆ ಎಂಟನೇದು ಹೇಳಿ ಇಲ್ಲ. ಅದು ಹೊಸತಾಗಿ ಶುರು ಮಾಡಿದ ಹಾಗೆ. ಭಾನುವಾರ ಅವ ಹೋದ ಮೇಲೆಯಾದ್ರೂ ನನ್ಗೆ ಒಂದು ಫೋನ್ ಮಾಡಿದ್ರೆ, ಐದು ದಿನದೊಳಗೆ ತೆಗೊಳ್ಳುವ ತುರ್ತು ಮಾತ್ರೆ ಉಂಟು, ಅದು ಕೊಡ್ತಿದ್ದೆ. ಎಷ್ಟು ಬೇಗ ತೆಗೊಳ್ತಿಯೋ ಅಷ್ಟು ಒಳ್ಳೇದು. ಮೂರು ವಾರ ಒಂದು ಮಾತು ಕೇಳದೆ ಕೂತದ್ದು ಎಂತಕ್ಕೆ?"

ಒಂದು ದಿನ ಮರೆತರೆ ಹೆದರಬೇಕಾಗಿಲ್ಲವಂತೆ. ನೆನಪಾದ ಕೂಡಲೇ ನುಂಗುವುದು, ಆ ದಿನದ್ದನ್ನು ಅದರ ಹೊತ್ತಿಗೆ ನುಂಗುವುದು. ಒಂದೇ ದಿನ ಎರಡು ನುಂಗಿದ ಹಾಗಾದರೂ ಪರವಾಗಿಲ್ಲ. ಎರಡು, ಮೂರು ತಪ್ಪಿದರೆ ಮಾತ್ರ ವಿಷಯ ಬೇರೆ. ಆಗ ತಪ್ಪಿದ್ದರಲ್ಲಿ ಕೊನೆಯದನ್ನು ನುಂಗಿ, ಮುಂದುವರಿಸಿ, ಏಳು ದಿನ ಕಾಂಡೋಮ್. ಅದೂ ಬಿಳಿ ಮಾತ್ರೆಯ ಕೊನೆಯ ವಾರದಲ್ಲಾದರೆ ಕಂದು ಮಾತ್ರೆ ಬಿಟ್ಟು ನೇರ ಹೊಸ ಸ್ಟ್ರಿಪ್ಪು. ಮೊದಲ ವಾರದಲ್ಲಾದರೆ ಡಾಕ್ಟರಿಗೆ ಫೋನು. ಕಂದು ಮರೆತರೆ? ಏನೂ ಇಲ್ಲ, ಎಸೆದುಬಿಡಿ.

ಹರ್ಷಿತಾಳಿಗೆ ಇನ್ನೊಂದು ಸಂಶಯ. ಆಟಿ ಅಮಾವಾಸ್ಯೆಯಂದು ಬೆಳಿಗ್ಗೆ ಹಾಲೆ ಮರದ ಕೆತ್ತೆಯ ಕಷಾಯ ಕುಡಿಯುವ ಕ್ರಮ ಉಂಟಲ್ಲ, ಅದರ ಕಹಿಗೆ ಅವಳಿಗೆ ವಾಂತಿಯಾಗಿತ್ತು. ಮಾತ್ರೆಯೂ ಹೋಗಿರಬಹುದೇ?

"ಮಾತ್ರೆ ಎಷ್ಟು ಹೊತ್ತಿಗೆ?"

"ಹಿಂದಿನ ದಿನ ಊಟದ ಹೊತ್ತಿಗೆ."

"ಅದು ರಕ್ತಕ್ಕೆ ಸೇರಿ ಆಗಿತ್ತು. ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದ್ರೆ ಇನ್ನೊಂದು ನುಂಗ್ಬೇಕು. ಕಷಾಯದ ಮೇಲೆ ಅಪವಾದ ಹಾಕ್ಬೇಡ."

ನಿನ್ನೆಯ ಮಾತ್ರೆ ಈಗಲೇ, ಇವತ್ತಿನದು ಇವತ್ತಿನ ಹೊತ್ತಿಗೆ ಎಂದು ಹೇಳಿ, ಇನ್ನೊಮ್ಮೆ ಬಿ.ಪಿ. ನೋಡಿದರು. ಒಂದು ಕಾಲು ಮಾತ್ರ ಬಾತು ನೋವಾದರೆ, ಎದೆ ನೋವು, ಉಸಿರಾಟಕ್ಕೆ ಕಷ್ಟ, ಹಿಂದೆಂದೂ ಬಾರದಂಥ ತಲೆನೋವು, ಕಣ್ಣು ಮಂಜಾಗುವುದು, ಇಂಥದ್ದೇನಾದರೂ ಕಂಡರೆ ನಾಳೆ ನೋಡುವ ಎನ್ನದೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಟಿ.ಬಿ.ಗೋ ಫಿಟ್ಸಿಗೋ ಯಾರಾದರೂ ಮಾತ್ರೆ ಕೊಡುವುದಾದರೆ ಇದನ್ನು ತೆಗೆದುಕೊಳ್ಳುತ್ತಿದ್ದೇನೆಂದು ಹೇಳಬೇಕು. ಇದು ರೋಗ ತಡೆಯುವುದಿಲ್ಲ, ಬಸಿರು ಮಾತ್ರ ತಡೆಯುತ್ತದೆ. ಮುಂದೆ ಮಗು ಬೇಕೆನಿಸಿದಾಗ ನಿಲ್ಲಿಸಿದರಾಯಿತು, ಇದರಿಂದ ಮಕ್ಕಳಾಗುವುದು ತಪ್ಪುವುದಿಲ್ಲ. "ಮತ್ತೆ, ಇದು ನಿನ್ನ ಮಾತ್ರೆ. ನಿನ್ಗೆ ಆಗ್ತದೆ ಹೇಳಿ ಗೆಳತಿಗೆ ಒಂದು ಸ್ಟ್ರಿಪ್ಪು ಕೊಡುದಲ್ಲ. ಅವಳಿಗೆ ಬಿ.ಪಿ. ಇರಬಹುದು, ಮೊಲೆ ಕುಡಿಯುವ ಪುಟ್ಟ ಮಗು ಇರಬಹುದು. ಅವಳು ಇಲ್ಲಿಗೆ ಬರ್ಲಿ."

ಹೊರಗೆ ಬಂದ ಮೇಲೆ ಹುಡುಗಿಗೆ ಹಸಿವಾಯಿತು. ಹೋಟೆಲಿನಲ್ಲಿ ಎರಡು ಪ್ಲೇಟು ಗೋಳಿಬಜೆ ಮುಗಿಸಿ ಮೂರನೆಯದಕ್ಕೆ ಕೈ ಎತ್ತಿದಳು. ನಾನು ನೋಡುತ್ತ ಕೂತೆ. ಒಂದು ಗೆರೆಯೋ ಎರಡು ಗೆರೆಯೋ ಎಂಬಷ್ಟರ ಮೇಲೆ ಒಬ್ಬಳ ಖಾಕಿ ಬಟ್ಟೆ ನಿಂತಿರುತ್ತದೆ ಎಂದರೆ ನಂಬುತ್ತೀರಾ?

ಮನೆಗೆ ಬಂದು ಅವಳು ಸ್ನಾನಕ್ಕೆ ಹೋದಾಗ ನನ್ನ ಫೋನು ಹೊಡೆದುಕೊಂಡಿತು. ಪುಷ್ಪಕ್ಕ! ನನಗೆ ಹುಷಾರಿಲ್ಲವೆಂಬುದು ಥಟ್ಟನೆ ನೆನಪಾಗಿ, ದನಿ ಸಣ್ಣ ಮಾಡಿ ಒಮ್ಮೆ ಕೆಮ್ಮಿ, "ಹಲೋ" ಎಂದೆ.

"ಕೆಮ್ಮುದು ಬೇಡ, ಸುಮ್ನೆ ಗಂಟಲು ನೋವಾದೀತು," ಎಂದರು ಅತ್ತ ಕಡೆಯಿಂದ. "ಟೆಸ್ಟಿನಲ್ಲಿ ಎಂತ ಬಂತು, ಅದು ಹೇಳಿ."

ನನ್ನ ಕೆಮ್ಮು ಅಲ್ಲೇ ನಿಂತಿತು.

"ನಿಮ್ಗೆ ಯಾರು ಹೇಳಿದ್ದು ಪುಷ್ಪಕ್ಕ?"

"ಯಾರು ಹೇಳ್ಬೇಕು? ನಾಲ್ಕು ದಿನದಿಂದ ಓಡ್ಲಿಲ್ಲ ಅವಳು. ಎಂಥ ಮಳೆಗೂ ನಿಲ್ಸದವಳು. ಜ್ವರವಾದ್ರೆ ಮಲಗ್ತಿದ್ದಳು, ಮಲಗ್ಲೂ ಇಲ್ಲ. ನಾನು ಕೊಡೆ ಹಿಡ್ಕೊಂಡು ಕಾದದ್ದೇ ಬಂತು. ನನ್ಗೆ ಇಷ್ಟೂ ಅಂದಾಜು ಆಗುದಿಲ್ವಾ?"

ಏನೂ ಇಲ್ಲ, ಒಂದೇ ಗೆರೆ ಎಂದೆ. ಅತ್ತ ಉದ್ದದ ಒಂದು ಉಸಿರು.

"ದೇವರು ದೊಡ್ಡವ. ಆದ್ರೆ ಒಂದು ಅರ್ಥ ಆಗುದಿಲ್ಲ ನನ್ಗೆ. ಮಾತ್ರೆ ಕಳಿಸಿದ್ದೇನಲ್ಲ ನಾನು? ಮತ್ತೆ ಹೇಗೆ ಹೆದ್ರುವ ಹಾಗಾಯ್ತು?"

"ನೀವು ಕಳಿಸಿದ್ದಾ?"

"ಮತ್ತೆ ಲೋಹಿತನಿಗೆ ಅಷ್ಟು ಬುದ್ಧಿ ಉಂಟಾ? ಕಪಾಟು ಒರೆಸುವಾಗ ಸಿಕ್ಕಿತು. ಏಳು ಖಾಲಿ, ಉಳಿದದ್ದು ಹಾಗೇ ಉಂಟು. ಪಾಪ ಹುಡುಗಿ ಗಡಿಬಿಡಿಯಲ್ಲಿ ಬಿಟ್ಟು ಹೋಗಿದ್ದಾಳೆ ಹೇಳಿ ಗ್ರಹಿಸಿದೆ. ನನ್ನ ಬಿ.ಪಿ. ಮಾತ್ರೆ ಒಂದು ದಿನ ತಪ್ಪಿದ್ರೆ ಡಾಕ್ಟ್ರು ಬೈತಾರೆ. ಇದೂ ಹಾಗೇ ಅಲ್ವಾ? ಪರೀಕ್ಷೆ ಬೇರೆ ಹತ್ರ ಬಂತು. ಕೂಡ್ಲೇ ಹಪ್ಪಳದ ಕಟ್ಟಿನೊಳಗೆ ಇಟ್ಟು, ಹೋಗು ಮಾರಾಯ, ಹೆಂಡತಿಗೆ ಹಪ್ಪಳ ಕೊಟ್ಟು ಬಾ ಹೇಳಿ ಓಡ್ಸಿದೆ. ಆಟಿ ಹೌದು, ಕ್ರಮ ಅಲ್ಲ. ಆದ್ರೆ ಬೇರೆ ಯಾರತ್ರ ಕೊಟ್ಟು ಕಳಿಸುದು ಅಂಥದ್ದನ್ನು?"

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ಎಲ್ಲಿಂದ ಬಂತೋ, ಅಡುಗೆಮನೆಯ ನೆಲದಲ್ಲೇ ಕೂತುಬಿಟ್ಟೆ. ಜಗಲಿಯಿಂದ ಯಜಮಾನರು ಇಣುಕಿ ನೋಡಿ ಮತ್ತೆ ಪೇಪರಿನ ಹಿಂದೆ ಹೋದರು.

"ಪುಷ್ಪಕ್ಕ, ಲೋಹಿತ ಇಲ್ಲದಿದ್ರೆ ಆ ಮಾತ್ರೆ ಬೇಕಾಗಿಯೇ ಇರ್ಲಿಲ್ಲ. ನೀವು ಮಾತ್ರೆ ಕಳಿಸಿದ್ದು ಯಾರ ಕೈಲಿ?"

ಅತ್ತ ಕಡೆ ಏನೋ ಪಾತ್ರೆ ಬಿದ್ದ ಸದ್ದು. ಆಮೇಲೆ, "ಅಯ್ಯೋ ನನ್ನ ಮಂಡೆಯೇ!" ಎಂಬ ಉದ್ಗಾರ. ಆಮೇಲೆ ನಗು, ನನ್ನದಕ್ಕಿಂತ ದೊಡ್ಡದು. ಇಬ್ಬರು ಅತ್ತೆಯರು ಆಲಂಕಾರಿನಿಂದ ಕಬಕದವರೆಗೆ ನಕ್ಕೆವು.

ನಗು ಇಳಿದ ಮೇಲೆ ನನಗೆ ಯೋಚನೆ ಬಂತು. ತಪ್ಪು ಮಾಡಿದವರು ಯಾರು? ಸೊಸೆ ಮಾತ್ರೆಯ ವಿಷಯ ಅಮ್ಮನಿಂದ ಮುಚ್ಚಿಟ್ಟಳು. ಅತ್ತೆ ಅದನ್ನು ಹಪ್ಪಳದೊಳಗೆ ಮುಚ್ಚಿ ಕಳಿಸಿದರು. ತಾನು ಏನು ಹೊತ್ತು ತಂದೆ ಎಂಬುದು ಲೋಹಿತನಿಗೆ ಇವತ್ತಿಗೂ ಗೊತ್ತಿಲ್ಲ. ಎಲ್ಲರೂ ಒಬ್ಬರನ್ನೊಬ್ಬರು ಪ್ರೀತಿಸುವವರೇ, ಎಲ್ಲರೂ ಒಳ್ಳೆಯದನ್ನೇ ಬಯಸಿದವರು. ಬಾಯಿ ಮಾತ್ರ ಯಾರೂ ಬಿಡಲಿಲ್ಲ. ಹುಡುಗಿ ಒಂದು ಮಾತು ಕೇಳಿದ್ದರೆ, ಅಥವಾ ಪುಷ್ಪಕ್ಕ ಒಂದು ಫೋನು ಮಾಡಿ "ಮಾತ್ರೆ ಬಿಟ್ಟು ಹೋದಿಯಾ, ಬೇಕಾ?" ಎಂದಿದ್ದರೆ, ಲೋಹಿತ ಮನೆಯಲ್ಲೇ ಇರುತ್ತಿದ್ದ, ಹಪ್ಪಳ ಡಬ್ಬದಲ್ಲಿರುತ್ತಿತ್ತು, ಹೊಳೆ ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ನಾವು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಊಟದ ಮೇಜಿನ ಮೇಲೆ ಉಪ್ಪಿನಕಾಯಿಯ ಪಕ್ಕ ಇಡುತ್ತೇವೆ. ಇದನ್ನೇಕೆ ಸೀರೆಯ ಮಡಿಕೆಯೊಳಗೆ?

ಆದರೂ ಒಂದು ಕೇಳದೆ ಇರಲಾಗಲಿಲ್ಲ. ಅತ್ತೆಯಂದಿರು ಮದುವೆಯಾದ ಮೂರನೇ ತಿಂಗಳಿಗೆ "ವಿಶೇಷ ಉಂಟಾ" ಎಂದು ಕೇಳುವ ಊರು ನಮ್ಮದು. ಸೊಸೆಯ ಮಾತ್ರೆ ತಪ್ಪಬಾರದೆಂದು ಆಟಿಯ ಕ್ರಮ ಮುರಿದ ಅತ್ತೆಯನ್ನು ನಾನಂತೂ ಕಂಡದ್ದಿಲ್ಲ.

"ಪುಷ್ಪಕ್ಕ, ನಿಮ್ಗೆ ಮೊಮ್ಮಗು ನೋಡುವ ಆಸೆ ಇಲ್ವಾ?"

"ಇಲ್ಲದೆ ಉಂಟಾ? ತೊಟ್ಟಿಲು ಕೂಡ ತೆಗೆದು ತೊಳೆದಿಟ್ಟಿದ್ದೇನೆ. ಆದ್ರೆ ಅವಸರ ಎಂತ?"

ಕುರ್ಚಿ ಎಳೆದು ಕೂತ ಸದ್ದು ಕೇಳಿತು. ಮತ್ತೆ ಮಾತಾಡಿದಾಗ ದನಿ ಬೇರೆಯಾಗಿತ್ತು.

"ನನ್ಗೆ ಮದುವೆಯಾದ ವರ್ಷ ಟಿ.ಸಿ.ಎಚ್.ಗೆ ಸೀಟು ಸಿಕ್ಕಿತ್ತು, ಗೊತ್ತುಂಟಾ ನಿಮ್ಗೆ? ಟೀಚರ್ ಆಗ್ಲಿಕ್ಕೆ. ಕಾಗದ ಬಂದಾಗ ನನ್ಗೆ ಮೂರು ತಿಂಗಳು. ಅದಕ್ಕೆ ಮುಂಚೆ ಒಮ್ಮೆ ನರ್ಸಮ್ಮ ಇದೇ ಮಾತ್ರೆ ಹಿಡ್ಕೊಂಡು ಬಂದಿದ್ದರಂತೆ. ನಮ್ಮ ಅತ್ತೆ ಗೇಟಿನಲ್ಲೇ ನಿಲ್ಸಿ, ಒಂದಾಗ್ಲಿ, ಮತ್ತೆ ಬನ್ನಿ ಹೇಳಿ ಕಳಿಸಿದ್ರು. ನನ್ಗೆ ಅದು ಗೊತ್ತಾದದ್ದೇ ಎಷ್ಟೋ ವರ್ಷ ಆದ ಮೇಲೆ."

ಸಮಾಧಾನಕ್ಕೆಂದು, "ಆದ್ರೂ ಲೋಹಿತನಂಥ ಮಗ ಹುಟ್ಟಿದ ಅಲ್ವಾ ಪುಷ್ಪಕ್ಕ?" ಎಂದೆ.

"ಹೌದು ಮಾರಾಯ್ತಿ, ಬಂಗಾರದಂಥ ಹುಡುಗ," ಎಂದರು ಪುಷ್ಪಕ್ಕ, "ಎರಡು ವರ್ಷ ತಡವಾಗಿ ಹುಟ್ಟಿದ್ರೂ ಬಂಗಾರದಂಥವನೇ ಆಗ್ತಿದ್ದ."